ಬಿಟ್ಟಲ್ಲಿಂದಲೇ ತೆರೆಯುವ ಕಪಾಟು

ಚನ್ನವೀರಪ್ಪನವರ ಪ್ರೆಸ್ಸಿನಲ್ಲಿರುವ ಕಂಪ್ಯೂಟರಿಗಿಂತ ಹಳೆಯದು ಶಿಗ್ಗಾವಿಯ ಗುಜರಿ ಅಂಗಡಿಯಲ್ಲೂ ಸಿಗಲಿಕ್ಕಿಲ್ಲ. ಆದರೆ ಅದನ್ನು ಬಿಸಾಡುವಂತಿಲ್ಲ. ಸುತ್ತಲಿನ ಹಳ್ಳಿಗಳ ಮದುವೆ ಕಾರ್ಡುಗಳೆಲ್ಲ ಅದರ ಹೊಟ್ಟೆಯಲ್ಲಿವೆ. ಅವನ್ನು ಹೊಸ ಕಂಪ್ಯೂಟರಿಗೆ ಹಾಕಿದರೆ ವಧೂವರರ ಹೆಸರಿನ ಜಾಗದಲ್ಲಿ ಬರೀ ಚೌಕ, ಕೊಕ್ಕೆ, ಪ್ರಶ್ನಾರ್ಥಕ ಚಿಹ್ನೆ. ನಮ್ಮ ಕಡೆಯ ಜನರದೋ ಒಂದು ಹಟ. ಹಿರಿಯ ಮಗಳ ಮದುವೆಯ ಕಾರ್ಡು ಚಂದ ಕಂಡಿತೆಂದರೆ ಎಷ್ಟೋ ವರ್ಷದ ಮೇಲೆ ಕಿರಿಯವಳಿಗೂ ಅದೇ ಬೇಕು. ಅದೇ ಬಳ್ಳಿ, ಅದೇ ಬಾರ್ಡರು, ಮೇಲೆ ಅದೇ ಮನೆದೇವರು. ಹೆಸರು, ತಾರೀಖು ಬದಲಾದರೆ ಸಾಕು.

ಆ ಹಳೆಯ ಕಾರ್ಡುಗಳನ್ನು ಹುಡುಕಿ ತೆಗೆಯುವುದು ಸೊಸೆ ವಾಣಿಶ್ರೀ ಒಬ್ಬಳಿಗೇ ಗೊತ್ತಿತ್ತು. ಅದೇ ಅವಳ ಕೊರಳಿಗೆ ಉರುಳಾಯಿತು.

ಅವಳ ಗಂಡ ಸುದೀಪನಿಗೆ ಹಿರೇಕೆರೂರಿನಲ್ಲಿ ನೌಕರಿ. ಭಾನುವಾರ ಬಂದು ಸೋಮವಾರ ಹೋಗುವ ನೆಂಟ ಅವನು. ಮದುವೆಯಾದ ಹೊಸದರಲ್ಲಿ ಮಾವ ಚನ್ನವೀರಪ್ಪ, "ಈ ಸೀಜನ್ ಒಂದು ಮುಗೀಲಿ, ಆಮ್ಯಾಲ ಗಂಡನ ಕಡೆ ಹೋಗುವಂತಿ" ಎಂದಿದ್ದರು. ಸೀಜನ್ನುಗಳು ಬಂದವು, ಹೋದವು. ವಾಣಿಶ್ರೀ ಮಾತ್ರ ಕುಂತ ಕುರ್ಚಿಯಲ್ಲೇ ಉಳಿದಳು. ಬೇಡವೆಂದು ಒಬ್ಬರಾದರೂ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

"ನಾ ಎಲ್ಲಿ ಬ್ಯಾಡ ಅಂದೇನಿ? ಹೋಗವಾ. ಆದ್ರ ಫೈಲ್ ಹುಡುಕೋರು ಯಾರು? ನನಗಂತೂ ಆ ಮಷೀನು ಒಲಿಯಂಗಿಲ್ಲ" ಎನ್ನುತ್ತಿದ್ದರು ಮಾವ. ಗಿರಾಕಿಗಳು ಬಂದರಂತೂ, "ನಮ್ಮ ವಾಣಿ ಇಲ್ಲಂದ್ರ ಈ ಪ್ರೆಸ್ಸ ಇಲ್ರಿ" ಎಂದು ಹೊಗಳಿಕೆ. ಕೇಳಿದವರು ಪುಣ್ಯವಂತೆ ಎನ್ನುತ್ತಿದ್ದರು. ಪ್ರತಿಯೊಂದು ಹೊಗಳಿಕೆಗೂ ಬಾಗಿಲಿಗೆ ಮತ್ತೊಂದು ಚಿಲಕ ಬಿದ್ದಂತೆ ಅವಳಿಗೆ ಅನಿಸುತ್ತಿತ್ತು.

ಈಗ ಹಿರೇಕೆರೂರಿನದೇ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಬುಧವಾರ ಸಂಜೆಯೊಳಗೆ ಹಾಜರಾಗದಿದ್ದರೆ ಅದು ಬೇರೆಯವರ ಪಾಲು. ಮತ್ತೆ ಇಂಥದೊಂದು ಸಿಗುತ್ತದೆಂಬ ನಂಬಿಕೆ ಅವಳಿಗಿರಲಿಲ್ಲ.

ಈ ಸಂಕಟವನ್ನು ಅವಳು ಹೇಳಿಕೊಂಡದ್ದು ಬಂಕಾಪುರದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಗೆಳತಿ ಫರ್ಜಾನಾಳ ಹತ್ತಿರ. ಮರುದಿನವೇ ಫರ್ಜಾನಾ ಪೆನ್‌ಡ್ರೈವ್ ಹಿಡಿದು ಬಂದಳು.

"ಫೈಲ್ ಜೋಡಿಸಿ ಇಡೋ ಪ್ರೋಗ್ರಾಮ್ ಇದು, ಕಪಾಟ ಇದ್ದಂಗ. ನಿನ್ನ ಮಷೀನಿನಂಥಾ ಮುದುಕರಿಗಂತನ ಮಾಡ್ಯಾರ. ಮೊದಲೂ ಇತ್ತು, ಈಗ ಹೊಸಾ ಸೌಲತ್ತು ಹಾಕಿ ಬಿಟ್ಟಾರ ನೋಡು."

ಹೊಸ ಸೌಲತ್ತುಗಳು ನಿಜಕ್ಕೂ ಚೆನ್ನಾಗಿದ್ದವು. ತೆರೆಯ ಮೇಲೆ ಅಕ್ಕಪಕ್ಕ ಎರಡು ಖಾನೆ. ಎಡಗಡೆಯ ಕಾರ್ಡನ್ನು ಬಲಗಡೆಗೆ ಎಳೆದರೆ ಅದರ ನಕಲು ತಯಾರು. ಫೈಲು ತೆರೆಯದೆಯೇ ಕಾರ್ಡಿನ ಸಣ್ಣ ಚಿತ್ರ ಕಾಣುತ್ತಿತ್ತು. ಒಂದೊಂದು ಊರಿಗೆ ಒಂದೊಂದು ಬಣ್ಣ ಹಚ್ಚಬಹುದಿತ್ತು. ತಪ್ಪಿ ಅಳಿಸಿದ್ದನ್ನು ಹಿಂದಕ್ಕೆ ತರಬಹುದಿತ್ತು.

"ಇನ್ನೂ ಒಂದೈತಿ," ಎಂದಳು ಫರ್ಜಾನಾ. "ನೀ ಎಲ್ಲಿ ಬಿಟ್ಟು ಎದ್ದಿರತಿ, ಮತ್ತ ತೆಗೆದ್ರ ಅಲ್ಲೇ ನಿಂತಿರತೈತಿ. ಮೊದಲಿಂದ ಹುಡುಕೋದು ಬ್ಯಾಡ."

ವಾಣಿಶ್ರೀ ಹುರುಪಿನಿಂದ ಕಾರ್ಡುಗಳಿಗೆಲ್ಲ ಊರು, ಮನೆತನ ನೋಡಿ ಹೆಸರಿಟ್ಟಳು, ಬಣ್ಣ ಹಚ್ಚಿದಳು. ಗೊಟಗೋಡಿಗೆ ಹಸಿರು, ಹಿರೇಬೆಂಡಿಗೇರಿಗೆ ಕೆಂಪು. ಆಮೇಲೆ ಮಾವನಿಗೆ ಪಾಠ ಶುರುವಾಯಿತು. ಕಾದ ಹಂಚು ಮುಟ್ಟಿದವರ ಹಾಗೆ ಅವರು ಮೌಸಿನಿಂದ ಕೈ ಕಿತ್ತುಕೊಳ್ಳುತ್ತಿದ್ದರು. "ತಲಿಗೆ ಹೋಗವಲ್ದವಾ" ಎಂದು ನಿಟ್ಟುಸಿರು ಬಿಡುತ್ತಿದ್ದರು. ಅಚ್ಚಿನ ಮೊಳೆಗಳನ್ನು ಕಣ್ಣುಮುಚ್ಚಿ ಜೋಡಿಸುತ್ತಿದ್ದ ಮನುಷ್ಯನಿಗೆ ಇಷ್ಟು ಬರುವುದಿಲ್ಲವೇ ಎಂದು ಅವಳಿಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಆದರೂ ಮತ್ತೆ ಹೇಳಿಕೊಟ್ಟಳು.

ಮಂಗಳವಾರ ಬೆಳಿಗ್ಗೆ ಚೀಲ ಹಿಡಿದು ಹೊರಟಳು. ಅತ್ತೆ ಸರೋಜವ್ವ ಬುತ್ತಿ ಕಟ್ಟಿಕೊಟ್ಟರು. ಬಂಕಾಪುರ ದಾಟಿ ಹಾನಗಲ್ಲಿನಲ್ಲಿ ಇಳಿದು ಹಿರೇಕೆರೂರಿನ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕುಳಿತಳು. ಎಷ್ಟೋ ದಿನಗಳ ಮೇಲೆ ಅವಳ ಮೈ ಹಗುರಾಗಿತ್ತು. ಅಷ್ಟರಲ್ಲಿ ಫೋನು ಬಂತು.

"ವಾಣೀ, ಹಿರೇಬೆಂಡಿಗೇರಿ ಶಂಕ್ರಪ್ಪ ಬಂದು ಹೆಸರು, ತಾರೀಖು ಕೊಟ್ಟು ಹೋಗ್ಯಾನ. ಹಿರೇ ಮಗಳ ಕಾರ್ಡಿನಂಗ ಸಣ್ಣಾಕಿಗೂ ಬೇಕಂತ, ಸಂಜಿಕ ನೋಡಾಕ ಬರ್ತಾನಂತ. ಏನ್ ಮಾಡಿದ್ರೂ ಫೈಲ್ ಸಿಗವಲ್ದು. ಮರ್ಯಾದಿ ಹೋಗತೈತಿ. ತಿರುಗಿ ಬಾರವಾ."

"ಕೆಂಪು ಬಣ್ಣದ್ದು ನೋಡ್ರಿ ಮಾವಾರ. ನಾ ಫೋನಿನ್ಯಾಗ ಹೇಳ್ತೇನಿ..."

"ಕೆಂಪಿಲ್ಲ, ಕರಿದಿಲ್ಲ. ಎಲ್ಲಾ ಹೋಗೈತಿ!"

ಎಲ್ಲಾ ಹೋಗಿದೆ ಎಂದ ಮೇಲೆ ಇನ್ನೇನು ಮಾಡುವುದು? ಕಂಡಕ್ಟರು ಸೀಟಿ ಊದುವ ಮುಂಚೆ ಅವಳು ಇಳಿದಳು. ಶಿಗ್ಗಾವಿಯ ಬಸ್ಸಿನಲ್ಲಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ತಾನು ಹೊರಗೆ ಕಾಲಿಟ್ಟಾಗಲೆಲ್ಲ ಇದೇ ಆಗುತ್ತದೆ, ಇನ್ನು ಸಾಯುವತನಕ ಇದೇ ಎಂದು ಖಚಿತವಾಗಿ ಅನಿಸಿತು.

ಪ್ರೆಸ್ಸಿಗೆ ಬಂದಾಗ ಮಾವ ಹೊರಗಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. "ಬಂದ್ಯಾ? ಚಲೋ ಆತು ಬಿಡು" ಎಂದರು. ಅವಳು ನೇರ ಒಳಗೆ ಹೋಗಿ ಪ್ರೋಗ್ರಾಮ್ ತೆರೆದಳು.

ಏನೂ ಹೋಗಿರಲಿಲ್ಲ. ಫರ್ಜಾನಾ ಹೇಳಿದಂತೆ, ಮಾವ ಬಿಟ್ಟು ಎದ್ದಲ್ಲೇ ಅದು ನಿಂತಿತ್ತು. ಎಡಗಡೆಯ ಖಾನೆಯಲ್ಲಿ ಕೆಂಪು ಬಣ್ಣದ ಹಿರೇಬೆಂಡಿಗೇರಿ, ಅದರಲ್ಲಿ ಶಂಕ್ರಪ್ಪನ ಹಿರಿಯ ಮಗಳ ಕಾರ್ಡು. ಬಲಗಡೆಯಲ್ಲಿ ಅದರ ನಕಲು. ಸಣ್ಣ ಚಿತ್ರದಲ್ಲಿ ಕಿರಿಯ ಮಗಳ ಹೆಸರು, ಈ ವರ್ಷದ ತಾರೀಖು ಸ್ಪಷ್ಟವಾಗಿ ಕಾಣುತ್ತಿದ್ದವು. ಒಂದಕ್ಷರವೂ ತಪ್ಪಿರಲಿಲ್ಲ. ಅದನ್ನು ಸೇವ್ ಮಾಡಿದ ಹೊತ್ತೂ ಕೆಳಗಿತ್ತು: ಅವಳು ಇನ್ನೂ ಬಂಕಾಪುರ ದಾಟುತ್ತಿದ್ದ ಹೊತ್ತು. ಅಂದರೆ ಕೆಲಸವೆಲ್ಲ ಮುಗಿಸಿ, ಆಮೇಲೆ ಫೋನು ಮಾಡಿದ್ದರು.

ವಾಣಿಶ್ರೀಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಇಷ್ಟು ವರ್ಷ ತಾನು ಬೀಗವೆಂದು ತಿಳಿದದ್ದು ಈ ಕಂಪ್ಯೂಟರನ್ನು, ಮಾವನನ್ನಲ್ಲ. ಸಿಟ್ಟು ಆಮೇಲೆ ಬಂತು, ಚೆನ್ನಾಗಿಯೇ ಬಂತು. ಕಾರ್ಡಿನ ಒಂದು ಪ್ರತಿ ತೆಗೆದು ಮಾವನ ಮುಂದೆ ಹಿಡಿದಳು.

ಚನ್ನವೀರಪ್ಪನವರ ಚಹಾದ ಕಪ್ಪು ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು. "ಅದು... ಹಂಗ ಕೈ ತಾಗಿ ಆಗೈತಿ ಕಾಣಸತೈತಿ" ಎಂದರು.

ಅವಳು ಉತ್ತರ ಕೊಡುವುದರೊಳಗೆ ಮದುವೆ ಬಟ್ಟೆಯ ಗಂಟು ಹೊತ್ತು ಶಂಕ್ರಪ್ಪ ಬಂದ. ಮಾವನ ನಾಲಿಗೆ ರೂಢಿಯಂತೆ ಹೊರಳಿತು. "ಬಾ ಶಂಕ್ರಪ್ಪಾ, ನಮ್ಮ ಸೊಸಿ ಅರ್ಧಾ ದಾರಿಯಿಂದ ಓಡಿ ಬಂದು..."

"ನಾ ಅಲ್ರಿ ಕಾಕಾರ," ಎಂದಳು ವಾಣಿಶ್ರೀ. "ಮಾವಾರು ಒಬ್ಬರ ಕುಂತು ಮಾಡ್ಯಾರ. ಹುಡುಕಿದ್ದೂ ಅವರ, ಹೆಸರು ಬದಲಿ ಮಾಡಿದ್ದೂ ಅವರ. ನಾ ಮುಟ್ಟಿಲ್ಲ."

ಶಂಕ್ರಪ್ಪ ಕಾರ್ಡನ್ನು ಹಿಂದೆ ಮುಂದೆ ತಿರುವಿದ. "ಭಲೆ ಚನ್ನವೀರಪ್ಪಾ! ಈ ವಯಸ್ಸಿನ್ಯಾಗ ಕಂಪ್ಯೂಟರ್ ಕಲ್ತಿ? ಊರಾಗ ಎಲ್ಲಾರಿಗೂ ಹೇಳ್ತೇನಿ. ಇನ್ನ ಸೊಸಿ ದಾರಿ ಕಾಯೋ ಕೆಲಸ ಇಲ್ಲ ಬಿಡು!"

ಅಲ್ಲ ಎನ್ನುವಂತಿಲ್ಲ, ಹೌದು ಎನ್ನುವಂತಿಲ್ಲ. ಹೊಗಳಿಸಿಕೊಂಡು ಸಿಕ್ಕಿಬೀಳುವುದು ಹೇಗಿರುತ್ತದೆಂದು ಚನ್ನವೀರಪ್ಪನವರಿಗೆ ಆ ದಿನ ಗೊತ್ತಾಯಿತು. ಶಂಕ್ರಪ್ಪ ಹೋದ ಮೇಲೆ ಅವರು ಆ ಕಾರ್ಡನ್ನು ಮೇಜಿನ ಖಾನೆಯಲ್ಲಿಟ್ಟರು. ವಾಣಿಶ್ರೀ ಚೀಲವನ್ನು ಬಿಚ್ಚದೆ ಬಾಗಿಲ ಪಕ್ಕದಲ್ಲೇ ಇಟ್ಟಳು.

"ನಾಳೆ ಮುಂಜಾನೆ ಬಸ್ಸಿಗೆ ಹೊಂಟೀಯೇನು?" ಮಾವ ತಲೆ ಎತ್ತದೆ ಕೇಳಿದರು.

"ಹೂಂರಿ."

"ನಾ ಫೋನ್ ಮಾಡಿದ್ರ ಎತ್ತತೀ ಹೌದಿಲ್ಲೋ?"

"ಬಸ್ಸಿನ್ಯಾಗ ಏನೂ ಕೇಳಸಂಗಿಲ್ರಿ ಮಾವಾರ" ಎಂದಳು ವಾಣಿಶ್ರೀ.