ಬಿಸಿಲು ದಂಡವಾಗಬಾರದು

ನಮ್ಮ ಮನೆಯವರು ಸೇತುವೆ ಎಂಜಿನಿಯರ್. ಯಾವ ಸೇತುವೆ ಎಷ್ಟು ಭಾರ ತಾಳುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಎಂದು ದೂರದಿಂದಲೇ ನೋಡಿ ಹೇಳಬಲ್ಲರು. ಹೆಂಡತಿಯ ವಿಷಯದಲ್ಲಿ ಮಾತ್ರ ಆ ವಿದ್ಯೆ ಅವರ ಕೈ ಹಿಡಿದಿಲ್ಲ. ಇರಲಿ, ನಾನು ಅವರನ್ನು ಆಡಿಕೊಳ್ಳುವುದಕ್ಕೆ ಕೂತಿಲ್ಲ. ಸ್ವಲ್ಪ ಆಡಿಕೊಳ್ಳುತ್ತೇನೆ, ಅಷ್ಟೇ.

ನಮ್ಮ ಹಳೇ ಊರು ಮೋಡದ ಊರು. ಅಲ್ಲಿ ಬಿಸಿಲು ಬಂತೆಂದರೆ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಓಡುತ್ತಿದ್ದರು. ಹಾಸಿಗೆ, ದಿಂಬು, ಎಳೆಗೂಸು, ಮೊಣಕಾಲು ಹಿಡಿದುಕೊಂಡ ಅಜ್ಜಂದಿರು, ಎಲ್ಲವೂ ಎಲ್ಲರೂ ಬಾಗಿಲಾಚೆ. ಮತ್ತೆ ಯಾವಾಗ ಬರುತ್ತದೋ ಯಾರಿಗೆ ಗೊತ್ತು? ಅಂಥ ಊರಿನಲ್ಲಿ ಹುಟ್ಟಿ ಬೆಳೆದ ಮನುಷ್ಯನಿಗೆ ಬಿಸಿಲೂರಿಗೆ ವರ್ಗವಾಯಿತು. ಇಲ್ಲಿ ದಿನಾ ಬಿಸಿಲು. ಇಲ್ಲಿಯವರಿಗೆ ಅದು ನಲ್ಲಿ ನೀರಿದ್ದ ಹಾಗೆ, ಇವತ್ತು ಬೇಡವಾದರೆ ನಾಳೆ ಇದ್ದೇ ಇರುತ್ತದೆ. ಇವರ ತಲೆಗೆ ಮಾತ್ರ ಆ ಮಾತು ಇಳಿಯಲೇ ಇಲ್ಲ. ರಜೆಯ ದಿನ ಬೆಳಿಗ್ಗೆ ಪರದೆ ಸರಿಸಿ ನೋಡುವುದು, “ಅಯ್ಯೋ, ಇಂಥ ಬಿಸಿಲು! ಏಳ್ರೋ, ದಂಡವಾಗ್ತಾ ಇದೆ” ಎಂದು ಮನೆಮಂದಿಯನ್ನೆಲ್ಲ ಎಬ್ಬಿಸುವುದು.

ಇದಕ್ಕೆ ಉಪ್ಪು ಖಾರ ಹಚ್ಚಿದವಳು ಕಂಪನಿಯ ಹುಡುಗಿ. ವರ್ಗವಾಗಿ ಬಂದವರಿಗೆ ಊರು ಪರಿಚಯ ಮಾಡಿಕೊಡುವುದೇ ಅವಳ ಉದ್ಯೋಗ. ಬಂದ ವಾರವೇ ನಮ್ಮನ್ನು ತಂಪಾದ ಕೋಣೆಯೊಂದರಲ್ಲಿ ಕೂರಿಸಿ ಗೋಡೆಯ ಮೇಲೆ ಚಿತ್ರ ತೋರಿಸಿದಳು: ಸರೋವರ, ಬೆಟ್ಟದ ಕಾಲುದಾರಿ, ಸೈಕಲ್ಲಿಗೇ ಮೀಸಲಾದ ರಸ್ತೆ, ಪುಟಾಣಿ ದೋಣಿಗಳು. ಪ್ರತಿ ಚಿತ್ರದಲ್ಲೂ ಒಂದು ಸಂಸಾರ ಬಾಯ್ತುಂಬ ನಗುತ್ತಿತ್ತು. ನಾನು ಹಲ್ಲಿನ ಡಾಕ್ಟರು, ಆ ಹಲ್ಲುಗಳಲ್ಲಿ ಅರ್ಧ ಅಸಲಿ ಅಲ್ಲವೆಂದು ನೋಡಿದ ಕೂಡಲೇ ಗೊತ್ತಾಯಿತು. ಇವರಿಗೆ ಸರೋವರ ಬಿಟ್ಟು ಬೇರೇನೂ ಕಾಣಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಕಿವಿಗೂ ಕತ್ತಿಗೂ ಜಾಲರು ಇಳಿಬಿಟ್ಟ ಟೋಪಿಗಳು, ಮಡಚುವ ಕುರ್ಚಿಗಳು, ಐಸ್ ಪೆಟ್ಟಿಗೆ, ಬಾಳೆಹಣ್ಣಿನ ಬಣ್ಣದ ಪ್ಲಾಸ್ಟಿಕ್ ದೋಣಿ. ದೋಣಿ ಕಾರಿನ ಮೇಲೆ ಕಾಯಂ ಆಗಿ ಠಿಕಾಣಿ ಹೂಡಿತು. ನಮ್ಮತ್ತೆ ಅದರ ಕೆಳಗೆ ಬಗ್ಗಿ ಕಾರು ಹತ್ತುವಾಗಲೆಲ್ಲ, “ಇವನು ಚಿಕ್ಕವನಿದ್ದಾಗ ಸ್ನಾನಕ್ಕೆ ಕರೆದರೆ ಮಂಚದ ಕೆಳಗೆ ನುಗ್ತಿದ್ದ, ಈಗ ನೋಡು ನೀರಿನ ಹುಚ್ಚು” ಎನ್ನುತ್ತಿದ್ದರು. ಮಗಳು ಅಪ್ಪನಿಗೆ ಕ್ಯಾಪ್ಟನ್ ಎಂದು ಹೆಸರಿಟ್ಟಳು. ಕ್ಯಾಪ್ಟನ್ನರಿಗೆ ಬಲು ಖುಷಿ, ಅದು ಗೇಲಿ ಎಂದು ಅವರಿಗೆ ಹೊಳೆಯಲೇ ಇಲ್ಲ.

ಪ್ರತಿ ಸಲ ದಡದಲ್ಲಿ ಕೂತ ಮೇಲೆ ಇವರು ನನ್ನ ಕಡೆ ತಿರುಗಿ, “ಖುಷಿಯಾಗಿದೀಯಾ?” ಎಂದು ಕೇಳುತ್ತಿದ್ದರು. ನಾನು “ಹೂಂ” ಎನ್ನುತ್ತಿದ್ದೆ. ಕೇಳುವಾಗ ಅವರ ಮುಖ ನೋಡಿದರೆ ಬೇರೇನು ಹೇಳಲು ಬಾಯಿ ಬರುತ್ತದೆ? ಹಳೇ ಊರಿನಲ್ಲಿ ನನ್ನದೇ ಒಂದು ಕ್ಲಿನಿಕ್ ಇತ್ತು. ಬರೀ ಮಕ್ಕಳ ಹಲ್ಲು ನೋಡುತ್ತಿದ್ದೆ. ನಮ್ಮ ವೃತ್ತಿಯಲ್ಲಿ ಒಂದು ಸುಖವಿದೆ: ಎದುರಿಗಿರುವವರು ಬಾಯಿ ತೆರೆದೇ ಇರುತ್ತಾರೆ, ಆದರೆ ತಿರುಗಿ ಮಾತಾಡುವಂತಿಲ್ಲ. ನಾನು ಇಡೀ ದಿನ ಕಥೆ ಹೇಳಿಕೊಂಡು ಕೆಲಸ ಮಾಡುತ್ತಿದ್ದೆ. ಮಕ್ಕಳು “ಆಂ, ಊಂ, ಆಆ” ಎಂದು ಏನು ಹೇಳಿದರೂ ಅರ್ಥವಾಗುತ್ತಿತ್ತು. ವರ್ಗದ ಮಾತು ಬಂದಾಗ “ಹೋಗೋಣ” ಎಂದವಳು ನಾನೇ, ಯಾರೂ ನನ್ನ ಕತ್ತಿಗೆ ಹಗ್ಗ ಹಾಕಿ ಎಳೆಯಲಿಲ್ಲ. ಕ್ಲಿನಿಕ್ಕನ್ನು ಹೊಸ ಡಾಕ್ಟರೊಬ್ಬರಿಗೆ ಬಿಟ್ಟುಕೊಟ್ಟು ಬಂದೆ. ಬಂದ ಮೇಲೆ ತಿಳಿಯಿತು, ಅಂಗಡಿಯಲ್ಲಿ ಚಿಲ್ಲರೆ ಕೊಡುವ ಹುಡುಗನ ಕೋರೆಹಲ್ಲು ನೋಡಿಯೂ ನನ್ನ ಕೈ ತುರಿಸುತ್ತದೆ ಎಂದು. ಆಸೆ ತಡೆಯದೆ, ಇಲ್ಲಿ ಹಲ್ಲು ನೋಡಲು ಬೇಕಾದ ಪರೀಕ್ಷೆ ಬರೆದು ಪಾಸಾದೆ. “ಭೇಷ್! ನಿಧಾನಕ್ಕೆ ನೋಡೋಣ ಬಿಡು, ಈಗ ಹಾಯಾಗಿರು” ಎಂದು ಇವರು ನನಗೊಂದು ಹೊಸ ಟೋಪಿ ತಂದುಕೊಟ್ಟರು.

ಹೀಗೆ ಎಂಟು ತಿಂಗಳು ಹಾಯಾಗಿದ್ದು ಸುಸ್ತಾಗಿದ್ದಾಗ ಒಂದು ಫೋನು ಬಂತು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಮಕ್ಕಳ ಹಲ್ಲಿನ ಕ್ಲಿನಿಕ್ ನಡೆಸುವ ಹಿರಿಯ ಡಾಕ್ಟರಮ್ಮ. ಪರೀಕ್ಷೆಯಲ್ಲಿ ನನ್ನ ಕೈಕೆಲಸ ನೋಡಿದ್ದರಂತೆ. “ಶನಿವಾರ ಭಾನುವಾರ ನಂಗೆ ಯಾರೂ ಸಿಗಲ್ಲಮ್ಮ. ಈ ಊರಿನ ಡಾಕ್ಟರುಗಳೆಲ್ಲ ಆವತ್ತು ದೋಣಿ ಮೇಲಿರ್ತಾರೆ. ಮಕ್ಕಳಿಗೆ ಸ್ಕೂಲಿಲ್ಲದ ದಿನಾನೇ ಅದು, ಸಾಲು ಬಾಗಿಲು ದಾಟುತ್ತೆ. ಆ ಎರಡು ದಿನ ನೀವು ಬರ್ತೀರಾ? ಸೋಮವಾರದೊಳಗೆ ಹೇಳಿ, ಇಲ್ಲದಿದ್ರೆ ಇನ್ನೊಬ್ಬರು ಕೇಳ್ತಿದಾರೆ.”

ಕುಣಿದಾಡುವಷ್ಟು ಸಂತೋಷವಾಯಿತು. ಹಿಂದೆಯೇ ನೆನಪಾಯಿತು, ಶನಿವಾರ ಭಾನುವಾರವೆಂದರೆ ಇವರ ಸರ್ವಸ್ವ. ಹೆಂಡತಿಗೆ ಕ್ಲಿನಿಕ್ಕಿನ ಬದಲಿಗೆ ಸರೋವರ ಕೊಟ್ಟೆ ಎಂದುಕೊಂಡಿರುವ ಮನುಷ್ಯನಿಗೆ, ‘ನಿಮ್ಮ ಸರೋವರ ನೀವೇ ಇಟ್ಟುಕೊಳ್ಳಿ’ ಎಂದು ಯಾವ ಬಾಯಲ್ಲಿ ಹೇಳುವುದು? ಅತ್ತೆಯ ಹತ್ತಿರ ಹೇಳಿದೆ. “ಹೇಳದೆ ಇದ್ದರೆ ಅವನಿಗೆ ಕನಸು ಬೀಳುತ್ತಾ?” ಎಂದು ಮೂಗು ಮುರಿದರು.

ಸರಿ, ಭಾನುವಾರ ದಡದಲ್ಲೇ ಹೇಳಿಬಿಡುವುದೆಂದು ಗಟ್ಟಿ ಮನಸ್ಸು ಮಾಡಿದೆ. ಕಾರಿನಿಂದ ಸಾಮಾನು ಇಳಿಸುವಾಗ “ನಿಮ್ಮ ಹತ್ರ ಒಂದು ಮಾತು” ಎಂದೆ. “ತಡಿ ತಡಿ, ಗಾಳಿ ದಿಕ್ಕು ನೋಡ್ತಿದೀನಿ” ಎಂದರು. ಇವರ ಮೂಗಿಗೆ ಬಿಸಿಲಿನ ಕ್ರೀಮು ಹಚ್ಚುತ್ತ ಮತ್ತೆ ಬಾಯಿ ತೆರೆದೆ. “ಅಗೋ, ಬಾತುಕೋಳಿ!” ಎಂದು ಅರ್ಧ ಕ್ರೀಮಿನಲ್ಲೇ ಓಡಿದರು.

ಆಮೇಲೆ ಹೊಸ ಡೇರೆ ಬಿಚ್ಚಿದರು. ನೆರಳಿಗೆಂದು ತಂದದ್ದು. ಬಿಸಿಲಿಗೆಂದು ಬಂದವರಿಗೆ ನೆರಳು ಯಾಕೆ ಎಂದು ಮಗಳು ಕೇಳಿದ್ದಕ್ಕೆ ಅವಳ ಕೈಗೊಂದು ಗೂಟ ಕೊಟ್ಟರು. ಅದರ ಜೊತೆ ಬಂದಿದ್ದ ಸೂಚನೆಯ ಹಾಳೆಯನ್ನು ನಾನು ಓದತೊಡಗಿದೆ.

“ಸೇತುವೆ ಕಟ್ಟೋನಿಗೆ ಡೇರೆ ಕಟ್ಟೋಕೆ ಹೇಳಿಕೊಡ್ಬೇಕಾ? ಅತ್ಲಾಗೆ ಇಡು.”

ಇಟ್ಟೆ. ಇವರು ಉದ್ದನೆಯ ಬಳುಕುವ ಕಡ್ಡಿಯನ್ನು ಮೊಣಕಾಲಿಗೆ ಕೊಟ್ಟು ಬಗ್ಗಿಸಿ, ತುದಿಯನ್ನು ತೂತಿಗೆ ಸಿಕ್ಕಿಸಿ, “ನೋಡಿದ್ಯಾ?” ಎನ್ನಲು ಬಾಯಿ ತೆರೆದರು. ತೂತಿನಿಂದ ಕಡ್ಡಿ ಹಾರಿ ಬಂದು ಫಟ್ಟೆಂದು ಬಾಯಿಗೇ ಬಡಿಯಿತು. ಇವರು ಬಾಯಿ ಮುಚ್ಚಿಕೊಂಡು ಹುಲ್ಲಿನ ಮೇಲೆ ಕುಸಿದರು. ಬೆರಳ ಸಂದಿನಲ್ಲಿ ರಕ್ತ. ಮುಂದಿನ ಹಲ್ಲೊಂದು ಜಾಗದಲ್ಲಿರಲಿಲ್ಲ.

ಅತ್ತೆ ಕಿರುಚಿದರು, ಮಗಳು ಅಳತೊಡಗಿದಳು. ನನಗೆ ಏನಾಯಿತೆಂದು ಹೇಳಲಿ? ಗಂಡನ ಹಲ್ಲು ಹೋದದ್ದಕ್ಕೆ ಹೆಂಡತಿಗೆ ಗಾಬರಿಯಾಗಬೇಕು. ಆಯಿತು, ಇಲ್ಲವೆನ್ನುವುದಿಲ್ಲ. ಆದರೆ ಗಾಬರಿಗಿಂತ ಮೊದಲು ಕೈಗಳು ಎಚ್ಚೆತ್ತವು. ಹುಲ್ಲಿನಲ್ಲಿ ಮಂಡಿಯೂರಿ ಹುಡುಕಿದೆ. ಸಿಕ್ಕಿತು, ಬೇರಿನ ಸಮೇತ, ಮುರಿಯದೆ.

“ಯಾರೂ ಮುಟ್ಟಬೇಡಿ! ಹಾಲು ಎಲ್ಲಿ? ಅತ್ತೆ, ಟೀಗೆ ತಂದಿದ್ದ ಹಾಲು, ಬೇಗ!”

ಬೇರಿಗೆ ಕೈ ತಾಗದಂತೆ ಹಲ್ಲನ್ನು ಹಿಡಿದು ತಣ್ಣನೆ ಹಾಲಿನಲ್ಲಿ ತೊಳೆದೆ. ಇವರ ಗಲ್ಲ ಹಿಡಿದೆತ್ತಿದೆ. “ಬಾಯಿ ತೆಗಿ. ದೊಡ್ಡದಾಗಿ. ಆ ಅನ್ನು. ಜಾಣ! ಅಲ್ಲಾಡಬೇಡ.” ಮದುವೆಯಾದಾಗಿನಿಂದ ಬಹುವಚನ ತಪ್ಪದ ನನ್ನ ಬಾಯಿ ಏಕವಚನಕ್ಕೆ ಇಳಿದದ್ದು ನನಗೆ ಗೊತ್ತಾಗಲೂ ಇಲ್ಲ. ಹಲ್ಲನ್ನು ಅದರ ಗೂಡಿಗೆ ಇಟ್ಟು ಒತ್ತಿದೆ. ಕುಳಿತುಕೊಂಡಿತು. ಕರವಸ್ತ್ರ ಮಡಚಿ ಬಾಯೊಳಗಿಟ್ಟು, “ಮೆಲ್ಲಗೆ ಕಚ್ಚಿಕೊಂಡಿರಬೇಕು. ನಾನು ಹೇಳೋ ತನಕ ಮಾತಾಡೋ ಹಾಗಿಲ್ಲ” ಎಂದೆ. ಇವರು ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದರು. ಯಾಕೆಂದು ಆಮೇಲೆ ಮಗಳು ಹೇಳಿದಳು, ನಾನು ನಗುತ್ತಿದ್ದೆನಂತೆ.

ಹಲ್ಲಿಗೆ ತಂತಿ ಕಟ್ಟಿಸಲೇಬೇಕಿತ್ತು, ಅದೂ ತಡಮಾಡದೆ. ಭಾನುವಾರ ತೆರೆದಿರುವ ಕ್ಲಿನಿಕ್ ನನಗೆ ಗೊತ್ತಿದ್ದದ್ದು ಒಂದೇ. ಸಾಮಾನೆಲ್ಲ ದಡದಲ್ಲೇ ಬಿಟ್ಟು ಕಾರು ತಿರುಗಿಸಿದೆ. ಪಕ್ಕದ ಸೀಟಿನಲ್ಲಿ ಇವರು ಕರವಸ್ತ್ರ ಕಚ್ಚಿಕೊಂಡು ಕೂತಿದ್ದರು. ಹಿಂದಿನಿಂದ ಅತ್ತೆಯ ದನಿ ಬಂತು:

“ಹೇಳೋದಿದ್ರೆ ಈಗಲೇ ಹೇಳ್ಬಿಡಮ್ಮ. ಇವನ ಬಾಯಿ ಮುಚ್ಚಿರೋದು ನಾನು ಹೆತ್ತಾಗಿನಿಂದ ಇದೇ ಮೊದಲು.”

ಹೇಳಿದೆ. ಫೋನು ಬಂದದ್ದು, ಎರಡು ದಿನದ ಕೆಲಸ, ಸೋಮವಾರದ ಗಡುವು. “ನಂಗೆ ಹೋಗ್ಬೇಕು ಅನ್ಸಿದೆ. ಸರೋವರ ಚೆನ್ನಾಗಿದೆ ರೀ, ಬೆಟ್ಟಾನೂ ಚೆನ್ನಾಗಿದೆ. ಆದ್ರೆ ಅಲ್ಲಿ ಕೂತಾಗೆಲ್ಲ ನಂಗೆ ಮಕ್ಕಳ ಬಾಯೇ ಕಣ್ಮುಂದೆ ಬರ್ತಿತ್ತು. ನೀವು ಕೇಳಿದಾಗೆಲ್ಲ ಹೂಂ ಅಂದೆ. ಎಲ್ಲ ಸಲ ಅದು ನಿಜ ಅಲ್ಲ.”

ತುಂಬಿದ ಬಾಯಿಂದ ಬರುವ ಯಾವ ಸದ್ದಿಗೂ ಅರ್ಥ ಹೇಳಬಲ್ಲೆ ಎಂದು ಕೊಚ್ಚಿಕೊಳ್ಳುವವಳು ನಾನು. ಇವರ ಬಾಯಿಂದ ಆಂ ಇಲ್ಲ, ಊಂ ಇಲ್ಲ. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ದಾರಿಯುದ್ದಕ್ಕೂ ಹೊರಗೆ ಸೈಕಲ್ಲುಗಳು, ದೋಣಿ ಹೊತ್ತ ಕಾರುಗಳು, ಬಿಸಿಲಲ್ಲಿ ಮಿಂಚುವ ಸಂಸಾರಗಳು. ಇವರ ಮನಸ್ಸು ನೋಯಿಸಿಬಿಟ್ಟೆ ಎಂದುಕೊಂಡೆ. ಬೇಡವೆಂದರೆ ಬಿಟ್ಟುಬಿಡೋಣ, ಹೇಗೂ ಎಂಟು ತಿಂಗಳು ಕಳೆದೆವಲ್ಲ ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ ಕೂಡಲೇ ಅಳು ಬಂತು, ನುಂಗಿಕೊಂಡೆ.

ಕ್ಲಿನಿಕ್ಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುರ್ಚಿಗಳ ತುಂಬ ಮಕ್ಕಳು, ಊದಿದ ಕೆನ್ನೆಗಳು. ಹಿರಿಯ ಡಾಕ್ಟರಮ್ಮ ಒಂದು ಮಗುವಿನ ಬಾಯಿಂದ ತಲೆಯೆತ್ತಿ ನಮ್ಮನ್ನು ನೋಡಿದರು. “ಒಳಗಿನ ಕೋಣೆ ಖಾಲಿಯಿದೆ, ಸಾಮಾನೆಲ್ಲ ಎಡಗಡೆ” ಎಂದು ತಮ್ಮ ಕೆಲಸಕ್ಕೆ ತಿರುಗಿದರು. ಇವರನ್ನು ಕುರ್ಚಿಯಲ್ಲಿ ಒರಗಿಸಿ, ಮರಗಟ್ಟಲು ಸೂಜಿ ಕೊಟ್ಟು, ಪಕ್ಕದ ಹಲ್ಲುಗಳ ಆಸರೆ ಸಿಗುವಂತೆ ತೆಳ್ಳಗಿನ ತಂತಿ ಅಂಟಿಸಿದೆ. ಕೆಲಸ ಮಾಡುವಾಗ ಎಂದೂ ಸುಮ್ಮನಿರದವಳು ಆವತ್ತು ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ, “ಎರಡು ವಾರ ಗಟ್ಟಿ ಪದಾರ್ಥ ಏನೂ ತಿನ್ನೋ ಹಾಗಿಲ್ಲ” ಎಂದೆ. ತಲೆಯಾಡಿಸಿ ಎದ್ದು ಹೊರಗೆ ಹೋದರು. ನಾನು ಕೈ ತೊಳೆಯಲು ನಿಂತೆ. ಬಾಗಿಲು ಅರ್ಧ ತೆರೆದಿತ್ತು.

ಹೊರಗೆ ಒಂದು ಪುಟ್ಟ ಹುಡುಗಿ ಕೆನ್ನೆ ಹಿಡಿದುಕೊಂಡು ಕೂತಿದ್ದಳು. ಪಕ್ಕದ ಕುರ್ಚಿಯಲ್ಲಿ ಇವರು ಕೂತದ್ದು ಕಾಣಿಸಿತು.

“ನೋವಾಯ್ತಾ?” ಹುಡುಗಿ ಕೇಳಿದಳು.

“ಇಲ್ಲ.” ಮರಗಟ್ಟಿದ ತುಟಿಯ ತೊದಲು. ನನಗೆ ಒಂದೊಂದು ಅಕ್ಷರವೂ ಕೇಳುತ್ತಿತ್ತು.

“ಬೈತಾರಾ?”

“ನಂಗೆ ಬೈತಾರೆ. ಮಕ್ಕಳಿಗೆ ಬೈಯಲ್ಲ, ಕಥೆ ಹೇಳ್ತಾರೆ.” ಕುರ್ಚಿಗಳ ಸಾಲಿನ ಮೇಲೆ ಕಣ್ಣಾಡಿಸಿದರು. “ನಮ್ಮೂರಲ್ಲಿ ಇವರ ಹತ್ರ ಬರೋಕೆ ಮಕ್ಕಳು ಹೀಗೇ ಸಾಲಾಗಿ ಕೂತಿರ್ತಿದ್ರು. ನಾನು ಇವರನ್ನ ಅಲ್ಲಿಂದ ಎಬ್ಬಿಸ್ಕೊಂಡು ಬಂದುಬಿಟ್ಟೆ. ಬಂದ ಮೇಲೆ ಬರೀ ನೀರು ತೋರಿಸ್ತಾ ಇದ್ದೆ.”

“ಯಾಕೆ?”

“ಭಯ. ಮನೇಲಿ ಸುಮ್ನೆ ಕೂತರೆ ಅವರಿಗೆ ಆ ಮಕ್ಕಳು ನೆನಪಾಗ್ತಾರೇನೋ ಅಂತ.”

ಹುಡುಗಿಗೆ ಇವರ ಭಯ ಕಟ್ಟಿಕೊಂಡು ಏನಾಗಬೇಕು? ತಪ್ಪಿಸಿಕೊಳ್ಳಲು ತನ್ನದೇ ದಾರಿ ಹುಡುಕಿದಳು. “ನಾನು ನಾಳೆ ಬಂದ್ರೆ ಆಗಲ್ವಾ?”

“ನಾಳೆ ಇವರು ಸಿಗಲ್ಲ ಪುಟ್ಟಿ. ಶನಿವಾರ, ಭಾನುವಾರ ಮಾತ್ರ. ಇನ್ಮೇಲೆ ಎಲ್ಲ ಶನಿವಾರ, ಎಲ್ಲ ಭಾನುವಾರ.”

ನಲ್ಲಿ ಹಾಗೇ ಹರಿಯುತ್ತಿತ್ತು, ನಿಲ್ಲಿಸಲು ಕೈ ಹೋಗಲಿಲ್ಲ. ಎಂಟು ತಿಂಗಳು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದವಳು ಆ ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತು ಚೆನ್ನಾಗಿ ಅತ್ತೆ. ಮುಖ ತೊಳೆದು, ಹೊಸ ಕೈಗವಸು ಹಾಕಿಕೊಂಡು, ಬಾಗಿಲಿಗೆ ಬಂದು “ಮುಂದಿನವರು ಬನ್ನಿ” ಎಂದೆ.

ಹುಡುಗಿ, ಇವರು, ಇಬ್ಬರೂ ಒಟ್ಟಿಗೆ ಎದ್ದು ನಿಂತರು.