ಮೂರನೆಯದೂ ನಾಲ್ಕನೆಯದೂ

ಮೇಸ್ತ್ರಿಗೆ ತನ್ನ ಕಿವಿಯ ಮೇಲಿದ್ದ ನಂಬಿಕೆ ಬೇರೆ ಯಾರ ಬಾಯಿಯ ಮೇಲೂ ಇರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಅವನು ಹೇಳಿದ್ದೇ ಗ್ಯಾರೇಜಿನಲ್ಲಿ ತೀರ್ಪು. ಆ ಕಿವಿ ಹೋದರೆ ತನ್ನನ್ನು ಮೂಸಿ ನೋಡುವವರೂ ಇರುವುದಿಲ್ಲ ಎಂಬ ಭಯ ಒಳಗೊಳಗೇ ಕೊರೆಯುತ್ತಿತ್ತು. ಆದ್ದರಿಂದಲೇ, ಕಿವಿ ತೋರಿಸಿಕೊಂಡು ಬಾ ಎಂದು ಮಗಳು ಆರು ತಿಂಗಳಿಂದ ದುಂಬಾಲು ಬಿದ್ದಿದ್ದರೂ ಅವನು ಜಪ್ಪಯ್ಯ ಅಂದರೂ ಜಗ್ಗಿರಲಿಲ್ಲ. ಮನೆಯವರು ಗೊಣಗುವುದನ್ನು ಬಿಟ್ಟು ಬಾಯಿಬಿಟ್ಟು ಮಾತಾಡಲಿ ಎಂಬುದು ಅವನ ವಾದ.

ಅಂದು ಬಂದದ್ದು ಹಲ್ಲಿನ ಡಾಕ್ಟರ ಕಾರು. ನಿಂತಲ್ಲೇ ಗಡಗಡ ನಡುಗುತ್ತಿತ್ತು. ಮಗಳು ಸ್ಟೇರಿಂಗಿನ ಕೆಳಗೆ ಸ್ಕ್ಯಾನರ್ ಸಿಕ್ಕಿಸಿ ನೋಡಿದಳು.

"ಎರಡನೇ ಸಿಲಿಂಡರ್ ಅಪ್ಪಾ. ಅದೊಂದೇ ಕಡಿಮೆ ಎಳೀತಿದೆ. ನಾಲ್ಕೂ ಸಮ ಇಲ್ಲ ಅಂತ ಕೋಡ್ ಬಂದಿದೆ."

"ಆ ಡಬ್ಬಿಗೇನು ಗೊತ್ತು, ಮಣ್ಣು!"

ಡಾಕ್ಟರು ಸೀಟಿನಲ್ಲಿ ಕೂತು ಆಕ್ಸಿಲರೇಟರ್ ಒತ್ತಿದರು. ಅವರಿಗೆ ಕೈಸನ್ನೆ ಮಾಡಬೇಕಲ್ಲ, ಮೇಸ್ತ್ರಿಯ ಮುಖ ಯಾವಾಗಲೂ ಮುಂಗಾಜಿನ ಕಡೆಗೇ. ಕಾರಿನ ಒಂದು ಪಕ್ಕ ನಿಂತು ಒಂದು, ಎರಡನೇ ಸಿಲಿಂಡರುಗಳನ್ನು ಬಲಗಿವಿಯಿಂದ ಕೇಳಿದ. ಟಿಕ್ ಟಿಕ್, ಚೊಕ್ಕವಾಗಿತ್ತು. ಇನ್ನೊಂದು ಪಕ್ಕಕ್ಕೆ ಬಂದು ಮೂರು, ನಾಲ್ಕನ್ನು ಎಡಗಿವಿಯಿಂದ ಕೇಳಿದ. ಎರಡೂ ಸತ್ತಂತಿದ್ದವು.

"ಮೂರು, ನಾಲ್ಕು. ಎರಡೂ ಬಿಚ್ಚಬೇಕು," ಎಂದ.

"ನೀವು ಹೇಳಿದ ಮೇಲೆ ಮುಗೀತು ಬಿಡಿ," ಎಂದು ಡಾಕ್ಟರು ಫೋನ್ ಹಿಡಿದು ಗೇಟಿನಾಚೆ ಹೋದರು.

ಮಗಳು ಜಗಳಕ್ಕೆ ನಿಲ್ಲಲಿಲ್ಲ. ಒಂದನೆಯ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನು ಎರಡಕ್ಕೆ, ಎರಡರದ್ದನ್ನು ಒಂದಕ್ಕೆ ಹಾಕಿ ಇಂಜಿನ್ ಓಡಿಸಿದಳು. ಈಗ ಒಂದನೆಯ ಸಿಲಿಂಡರ್ ದುರ್ಬಲ ಎಂದಿತು ಸ್ಕ್ಯಾನರ್.

"ಪಾರ್ಟ್ ಎಲ್ಲಿಗೆ ಹೋಯ್ತೋ ತಾಪತ್ರಯ ಅಲ್ಲಿಗೇ ಹೋದ್ರೆ ಪಾರ್ಟೇ ಕೆಟ್ಟಿದೆ ಅಂತ ನೀನೇ ತಾನೇ ಕಲಿಸಿದ್ದು? ಇಂಜೆಕ್ಟರ್ ಸದ್ದು ಮಾಡುತ್ತೆ, ಪೆಟ್ರೋಲ್ ಸರಿಯಾಗಿ ಬಿಡಲ್ಲ."

"ಹಾಗಾದ್ರೆ ಮೂರು, ನಾಲ್ಕು ಯಾಕೆ ಸುಮ್ಮನಿವೆ?"

ಮಗಳು ಸ್ಕ್ರೂಡ್ರೈವರನ್ನು ಅಪ್ಪನ ಕೈಗಿತ್ತಳು. "ಮುಂಗಾಜಿಗೆ ಬೆನ್ನು ಹಾಕಿ ನಿಂತ್ಕೊಂಡು ಕೇಳು. ಕಿವಿ ಅದಲು ಬದಲು ಮಾಡು."

ಅವನು ರೇಗಿದ. ರೇಗಿದರೂ ತಿರುಗಿದ. ಬಲಗಿವಿಗೆ ಮೂರೂ ನಾಲ್ಕೂ ಬಡಿದುಕೊಂಡು ಕೂಗಿದವು. ಮತ್ತೆ ಒಂದನೆಯದಕ್ಕೆ ಎಡಗಿವಿ ಇಟ್ಟ. ಅದೂ ಸತ್ತಿತ್ತು. ತಾಪತ್ರಯ ಕಿವಿಯ ಜೊತೆಗೇ ಬಂದಿತ್ತು.

ಈಗಿನ ಕಾರುಗಳಲ್ಲಿ ಮೂರನೆಯದೂ ನಾಲ್ಕನೆಯದೂ ಹಾಳು ಎಂದು ಎರಡು ವರ್ಷದಿಂದ ಊರಿಗೆಲ್ಲ ಸಾರಿಕೊಂಡು ಬಂದಿದ್ದ. ಎಷ್ಟು ಒಳ್ಳೆಯ ಇಂಜಿನ್ನುಗಳ ಹೊಟ್ಟೆ ಬಗೆದಿದ್ದನೋ! ನಾಚಿಕೆಯಿಂದ ಭೂಮಿಗಿಳಿದು ಹೋದ.

ಡಾಕ್ಟರು ಒಳಗೆ ಬಂದರು. ಮಗಳು ಬಾಯಿ ತೆರೆಯುವ ಮೊದಲೇ ಅವನು ಹೇಳಿಬಿಟ್ಟ. "ಎರಡರ ಇಂಜೆಕ್ಟರ್ ಒಂದೇ ಕೆಟ್ಟಿರೋದು ಸಾರ್. ಮೂರು, ನಾಲ್ಕು ನೆಟ್ಟಗಿವೆ. ನಾನು ಹೇಳಿದ್ದು ತಪ್ಪು."

ಡಾಕ್ಟರು ನಕ್ಕರು. "ತಮಾಷೆ ಮಾಡ್ಬೇಡಿ ಮೇಸ್ತ್ರಿ. ನೀವು ತಪ್ಪೋದುಂಟಾ? ಮೂರು, ನಾಲ್ಕನ್ನೂ ಬಿಚ್ಚಿಬಿಡಿ, ನನಗೂ ಸಮಾಧಾನ."

ಇಲ್ಲಿ ಹೂಂ ಎಂದು ತಲೆಯಾಡಿಸಿದ್ದರೆ ಮಾನ ಉಳಿಯುತ್ತಿತ್ತು. ತಲೆಯಾಡಿಸಬೇಕೆಂದು ಅವನಿಗೆ ನಿಜಕ್ಕೂ ಆಸೆಯಾಯಿತು. ಆದರೆ ಸರಿಯಿರುವುದನ್ನು ಗೊತ್ತಿದ್ದೂ ಬಿಚ್ಚಲು ಕೈ ಬರಲಿಲ್ಲ.

"ಇಲ್ಲ ಸಾರ್. ನನಗೆ ಎಡಗಿವಿ ಕೇಳಿಸಲ್ಲ."

ಆ ಮಾತನ್ನು ಅವನು ಹೇಳಿದ್ದು ಅದೇ ಮೊದಲು.

ಡಾಕ್ಟರ ನಗು ನಿಂತಿತು. "ಅಯ್ಯೋ, ಪಾಪ," ಎಂದು ಅವನ ಭುಜ ತಟ್ಟಿದರು. ಆಮೇಲೆ ಮಗಳ ಕಡೆ ತಿರುಗಿ, ಪಕ್ಕದಲ್ಲಿ ಯಾರೂ ಇಲ್ಲವೆಂಬಂತೆ ಕೇಳಿದರು.

"ಇಂಜೆಕ್ಟರ್ ಒಂದು ಬದಲಾಯಿಸಿದ್ರೆ ಸಾಕೇನಮ್ಮ? ಇನ್ಮೇಲೆ ಗಾಡಿ ನೀನೇ ನೋಡ್ಕೋ. ಪಾಪ, ಅವರಿಗ್ಯಾಕೆ ತೊಂದರೆ?"

ಡಾಕ್ಟರು ನಿಂತಿದ್ದದ್ದು ಮೇಸ್ತ್ರಿಯ ಬಲಗಿವಿಯ ಕಡೆಗೇ. ಒಂದಕ್ಷರವೂ ಬಿಡದೆ ಎಲ್ಲವೂ ಕೇಳಿಸಿತು.