ಕೈಗೆ ಅಂಟಿದ ವಾಸನೆ

ದಿನ ತುಂಬುವ ಎಷ್ಟೋ ಮೊದಲೇ ಹುಟ್ಟಿದ ಮಗು ಅಂಗೈಯಗಲವಿತ್ತು. ಆದರೂ ಅಜ್ಜಿ ಅದನ್ನು ಗುಂಡ ಎಂದೇ ಕರೆದಳು. ಮೂಗಿಗೆ ಹಾಕಿದ ನಳಿಗೆಯಲ್ಲಿ ಹಾಲಿಳಿಸಿಕೊಂಡು ಗುಂಡ ಆಸ್ಪತ್ರೆಯಲ್ಲೇ ಬೆಳೆದ. ಬಾಯಿಂದ ಕುಡಿಸಿ ನೋಡೋಣ ಎಂದ ದಿನ ನರ್ಸ್ ಬಾಟಲಿಯನ್ನು ಅಪ್ಪನ ಕೈಗಿತ್ತಳು.

ಅಪ್ಪ ಮರದ ಸಾಮಾನಿಗೆ ಪಾಲಿಶ್ ಹೊಡೆಯುವವನು. ಮಗು ಒಂದೆರಡು ಗುಟುಕು ಎಳೆಯಿತು, ಬೆರಳು ಸೆಟೆಸಿತು, ತುಟಿ ನೀಲಿಯಾಯಿತು. ಉಸಿರು ಗಮನಿಸುವ ಯಂತ್ರ ಕೂಗಿಕೊಂಡಿತು. ನರ್ಸ್ ಮಗುವನ್ನು ಕಸಿದುಕೊಂಡು ಬೆನ್ನುಜ್ಜಿದ ಮೇಲೆ ಉಸಿರು ಮರಳಿತು. ಅಪ್ಪನಿಗೆ ಮಾತ್ರ ಜೀವ ಬಾಯಿಗೆ ಬಂದಿತ್ತು. ತನ್ನ ಕೈಗಂಟಿದ ಪಾಲಿಶ್ ಸ್ಪಿರಿಟ್ಟಿನ ವಾಸನೆಗೇ ಹೀಗಾಯಿತೆಂದು ಅವನಿಗೆ ಮನದಟ್ಟಾಗಿಹೋಯಿತು.

ಅಂದಿನಿಂದ ಅವನು ವಾರ್ಡಿನ ಗಾಜಿನಾಚೆಯೇ ನಿಂತ. ಕೈಯನ್ನು ಚರ್ಮ ಸುಲಿಯುವಂತೆ ತಿಕ್ಕಿದ, ಮೂಸಿದ, ಮತ್ತೆ ತಿಕ್ಕಿದ. ಬಾಯಿಗಿಟ್ಟ ತುತ್ತೂ ಅದೇ ವಾಸನೆ ಹೊಡೆಯುತ್ತಿತ್ತು.

"ರೀ, ನಂಗೆ ಜ್ವರ, ಒಳಗೆ ಬಿಡ್ತಿಲ್ಲ. ಇವತ್ತು ನೀವೇ ಕುಡಿಸ್ಬೇಕು," ಎಂದಳು ಹೆಂಡತಿ.

"ಬೇಡ ಕಣೇ. ನಾನು ಮುಟ್ಟಿದ್ರೆ ಅವನು ಉಳಿಯಲ್ಲ."

"ಬಿಡ್ತು ಅನ್ನಿ!" ಅವಳು ಅತ್ತೇಬಿಟ್ಟಳು.

ಸೆಂಟಿನ ಸೋಪು ಹಚ್ಚಿ ತೊಳೆದು ಅವನು ಒಳಹೋದ. ನರ್ಸ್ ಮೂಗು ಮುಚ್ಚಿಕೊಂಡಳು.

"ಇದೇನು, ಮದುವೆಗೆ ಹೊರಟ್ರಾ? ಇಷ್ಟು ಘಮಘಮ ಇವನಿಗೆ ತಡೆಯಲ್ಲ. ಇಲ್ಲಿನ ಸೋಪಲ್ಲಿ ತೊಳ್ಕೊಂಡು ಬನ್ನಿ."

"ಸಿಸ್ಟರ್, ಅವತ್ತೂ ನನ್ನ ವಾಸನೆಗೇ ಅಲ್ವಾ..."

"ಹಾಲು ಜೋರಾಗಿ ಬಂತು. ನುಂಗೋದು, ಉಸಿರಾಡೋದು ಎರಡನ್ನೂ ಹೊಂದಿಸ್ಕೊಳ್ಳೋಕೆ ಇವನಿಗಿನ್ನೂ ಬರಲ್ಲ. ನಿಪ್ಪಲ್ ಬದಲಾಯ್ಸಿದೀವಿ. ವಾಸನೆನೂ ಕಿರಿಕಿರಿ ಮಾಡಿರಬಹುದು, ಇಲ್ಲ ಅನ್ನಲ್ಲ."

ಆ ಕೊನೆಯ ಮಾತು ಕೇಳಿ ಅವನು ಅಲ್ಲಿನ ಸೋಪಲ್ಲಿ ಎರಡೆರಡು ಸಲ ಕೈ ತೊಳೆದು ಬಂದ.

ನರ್ಸ್ ದೀಪ ತಗ್ಗಿಸಿ, ಮಗುವನ್ನು ಅವನ ತೊಡೆಯ ಮೇಲೆ ಒಂದು ಮಗ್ಗುಲಿಗೆ ಮಲಗಿಸಿದಳು. "ಇವನು ಬೆರಳು ಬಿಡಿಸಿದ್ರೆ ಸುಸ್ತಾಯ್ತು ಅಂತ ಅರ್ಥ. ಆಗ ಬಾಟಲಿ ತಗ್ಗಿಸಿ, ಉಸಿರಾಡ್ಕೊಳ್ಳಲಿ."

ಒಂದು ಗುಟುಕು. ಇನ್ನೊಂದು. ಸಣ್ಣ ಬೆರಳುಗಳು ಬಿಚ್ಚಿಕೊಂಡವು. ಅಪ್ಪ ಬಾಟಲಿಯನ್ನು ತಟ್ಟನೆ ತಗ್ಗಿಸಿದ. ಮಗುವಿನ ಎದೆ ಅಲುಗಲಿಲ್ಲ. ಯಂತ್ರದ ಕಡೆ ನೋಡಲು ಅವನಿಗೆ ಧೈರ್ಯವಾಗಲಿಲ್ಲ. "ಸಿಸ್ಟರ್..." ಎಂದು ನರ್ಸ್ ಕಡೆ ತಿರುಗಿದ.

ಮಗು ನಿಟ್ಟುಸಿರಿಟ್ಟಿತು. ಆಮೇಲೆ ಬಾಯಿ ತೆರೆದು, ತಲೆಯಾಡಿಸುತ್ತಾ ಹಾಲು ಹುಡುಕಿತು.

ಅಂದು ಅರ್ಧ ಹಾಲಷ್ಟೇ ಬಾಯಿಂದ ಹೋಯಿತು, ಉಳಿದದ್ದು ನಳಿಗೆಯಿಂದ. ದಿನಗಳೆದಂತೆ ನಳಿಗೆ ಬಿಟ್ಟುಹೋಯಿತು, ಮಗು ಮನೆಗೆ ಬಂತು, ಕೆನ್ನೆ ತುಂಬಿಕೊಂಡಿತು. ಆದರೂ ಅದು ಕುಡಿದು ಮುಗಿಸುವವರೆಗೆ ಅಪ್ಪ ಅದರ ಬೆರಳುಗಳಿಂದ ಕಣ್ಣು ತೆಗೆಯುತ್ತಿರಲಿಲ್ಲ.